ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ರಕ್ತ ಯಾಕೆ ಕಡಿಮೆಯಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಹಾಲು ಹಿಂಡಿಕೊಳ್ಳುವ ಕೋಣೆಯಲ್ಲಿ ತಾಯಂದಿರು, ಕಾರಿಡಾರಿನಲ್ಲಿ ನಿಂತ ಅಪ್ಪಂದಿರು, ಬಾಣಂತಿ ಊಟದ ಬುತ್ತಿ ಹಿಡಿದು ಬಂದ ಅಜ್ಜಿಯರು ಮತ್ತೆ ಮತ್ತೆ ಕೇಳಿದ್ದನ್ನೇ ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಔಷಧದ ಅಳತೆಯನ್ನು ಮಾತ್ರ ನಿಮ್ಮ ಮಗುವನ್ನು ನೋಡಿದ ಡಾಕ್ಟರೇ ಹೇಳಬೇಕು.

## ಮೊದಮೊದಲ ಪ್ರಶ್ನೆಗಳು

ಹುಟ್ಟಿದಾಗ ಹದಿನಾರು ಇತ್ತಂತೆ, ಈಗ ಒಂಬತ್ತು ಅಂತಾರೆ. ರಕ್ತ ಎಲ್ಲಿಗೆ ಹೋಯ್ತು ಸಿಸ್ಟರ್?

ಎಲ್ಲಿಗೂ ಸೋರಿ ಹೋಗಿರಬೇಕೆಂದೇನಿಲ್ಲ. ಹುಟ್ಟಿದ ಮೇಲೆ ಎಲ್ಲ ಮಕ್ಕಳಿಗೂ ಹಿಮೋಗ್ಲೋಬಿನ್, ಅಂದರೆ ಕೆಂಪುಕಣದೊಳಗೆ ಆಮ್ಲಜನಕ ಹೊರುವ ಅಂಶ, ಇಳಿಯುತ್ತದೆ (ಹದಿನಾರು, ಒಂಬತ್ತು ಅನ್ನುವುದು 100 ಮಿ.ಲೀ. ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬ ಲೆಕ್ಕ). ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಅದಕ್ಕೆ ಮಗು ಹೆಚ್ಚು ಕೆಂಪುಕಣ ಇಟ್ಟುಕೊಂಡಿರುತ್ತದೆ. ಹೊರಗೆ ಬಂದು ಉಸಿರಾಡಿದ ಕೂಡಲೇ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಮೂಳೆಯೊಳಗಿನ ಮಜ್ಜೆ ಹೊಸ ಕಣ ಮಾಡುವುದನ್ನು ಕೆಲವು ವಾರ ನಿಲ್ಲಿಸಿಬಿಡುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಇದು 8ರಿಂದ 12 ವಾರಕ್ಕೆ 9ರಿಂದ 11ರ ತನಕ ಇಳಿದು, ತಾನಾಗೇ ಏರುತ್ತದೆ.

ತಿಂಗಳು ತುಂಬದ ಮಗುವಿನಲ್ಲಿ ಇದೇ ಇಳಿತ ಬೇಗ ಬರುತ್ತದೆ, ಆಳಕ್ಕೂ ಹೋಗುತ್ತದೆ. ನಾಲ್ಕರಿಂದ ಎಂಟು ವಾರದೊಳಗೆ ತಳ ಮುಟ್ಟುತ್ತದೆ. ಒಂದರಿಂದ ಒಂದೂವರೆ ಕೆ.ಜಿ.ಯ ಮಗುವಿಗೆ 8ರ ಆಸುಪಾಸು, ಒಂದು ಕೆ.ಜಿ.ಗಿಂತ ಕಡಿಮೆಯ ಕೂಸಿಗೆ 7ರವರೆಗೂ ಬರಬಹುದು. ಕಾರಣ ಒಂದಲ್ಲ. ಇಂಥ ಮಗುವಿನ ಕೆಂಪುಕಣದ ಆಯಸ್ಸೇ ಕಡಿಮೆ: ದೊಡ್ಡವರಲ್ಲಿ 120 ದಿನ ಬಾಳುವ ಕಣ ಇವರಲ್ಲಿ 35ರಿಂದ 50 ದಿನಕ್ಕೆ ಮುಗಿಯುತ್ತದೆ. ಜೊತೆಗೆ ಮಗು ಬೆಳೆಯುವ ವೇಗ. 1.2 ಕೆ.ಜಿ.ಯ ಕೂಸು ಎರಡು ತಿಂಗಳೊಳಗೆ ದುಪ್ಪಟ್ಟಾದರೆ ನಮಗೆಲ್ಲ ಸಂತೋಷ, ಆದರೆ ಇದ್ದಷ್ಟೇ ರಕ್ತಕಣ ದುಪ್ಪಟ್ಟು ಮೈಗೆ ಹಂಚಿಕೊಳ್ಳಬೇಕು. ಸಾರಿಗೆ ನೀರು ಬೆರೆಸಿದ ಹಾಗೆ, ತೆಳ್ಳಗಾಗುತ್ತದೆ.

ಏಳು ತಿಂಗಳಿನ ಕೂಸು ಉಳಿಯುತ್ತೆ, ಎಂಟು ತಿಂಗಳಿಂದು ಉಳಿಯಲ್ಲ ಅಂತ ನಮ್ಮತ್ತೆ ಅಂತಾರೆ. ರಕ್ತದ ವಿಷಯದಲ್ಲೂ ಹಂಗೇನಾ?

ಅಲ್ಲ. ಈ ಮಾತು ಕೇಳಿ ಅತ್ತ ತಾಯಂದಿರನ್ನು ನೋಡಿದ್ದೇನೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ: ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. 37 ವಾರಕ್ಕೆ ಮುಂಚೆ ಹುಟ್ಟಿದರೆ ಅವಧಿಪೂರ್ವ. 35 ವಾರದ ಮಗುವಿಗೆ ರಕ್ತಹೀನತೆಯ ಅಪಾಯ ಸ್ವಲ್ಪ, 32ಕ್ಕೆ ಜಾಸ್ತಿ, 28ಕ್ಕೆ ಇನ್ನೂ ಜಾಸ್ತಿ. ಕೆಂಪುಕಣ ಮಾಡಲು ಬೇಕಾದ, ತಾಯಿಯಿಂದ ಮಗುವಿಗೆ ಹರಿಯುವ ಕಬ್ಬಿಣದಂಶದ ಬಹುಪಾಲು ಕೊನೆಯ ಮೂರು ತಿಂಗಳಲ್ಲೇ ಹರಿಯುತ್ತದೆ. ಕಣಜ ತುಂಬುವ ಸುಗ್ಗಿ ಕಾಲ ಅದು. ಸುಗ್ಗಿಗೆ ಮುಂಚೆ ಹೊರಗೆ ಬಂದವರ ಕಣಜ ಅರೆಬರೆ.

ನಾನು ಸರಿಯಾಗಿ ಐರನ್ ಮಾತ್ರೆ ನುಂಗಲಿಲ್ಲ, ವಾಂತಿ ಬರ್ತಿತ್ತು. ನನ್ನಿಂದಾನೇ ಹಿಂಗಾಯ್ತಾ?

ಈ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಪಕ್ಕದ ಮಂಚದವರು ಮಲಗಿದ ಮೇಲೆ ಕೇಳುತ್ತಾರೆ.

ನಿಮ್ಮಿಂದ ಆಗಲಿಲ್ಲ. ಮಗುವಿನ ರಕ್ತ ಇಳಿದಿರುವುದಕ್ಕೆ ಮುಖ್ಯ ಕಾರಣ ಅದು ಬೇಗ ಹುಟ್ಟಿದ್ದು. ತಾಯಿಗೆ ರಕ್ತ ಸ್ವಲ್ಪ ಕಡಿಮೆ ಇದ್ದರೂ ಹೊಟ್ಟೆಯ ಮಗು ತನ್ನ ಪಾಲನ್ನು ಎಳೆದುಕೊಳ್ಳುತ್ತದೆ, ತಾಯಿ ಬರಿದಾದರೂ ಸರಿ. ತಾಯಿಯ ರಕ್ತಹೀನತೆ ತೀವ್ರವಾಗಿದ್ದಾಗ ಮಾತ್ರ ಮಗುವಿನ ದಾಸ್ತಾನು ಗಣನೀಯವಾಗಿ ಕುಗ್ಗುತ್ತದೆ, ಹೆರಿಗೆ ಬೇಗ ಆಗುವ ಸಂಭವವೂ ಹೆಚ್ಚುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಇರುವ ಕೊರತೆಗೆ ಒಬ್ಬೊಬ್ಬ ಹೆಣ್ಣುಮಗಳ ಕಡೆ ಬೆರಳು ತೋರಿಸುವುದು ತಪ್ಪು.

ಈಗ ಮಾಡಬೇಕಾದ್ದು: ನಿಮ್ಮ ಮಾತ್ರೆ ಈಗಲಾದರೂ ನುಂಗಿ. ಬಾಣಂತಿ ಸೊಪ್ಪು ತಿನ್ನಬಾರದು, ನೀರು ಕುಡಿಯಬಾರದು ಅನ್ನುವ ಪಥ್ಯ ಬೇಡ.

## ಯಾವ ಮಗುವಿಗೆ ಅಪಾಯ ಜಾಸ್ತಿ?

ಪಕ್ಕದ ಮಂಚದವರ ಪಾಪುನೂ 32 ವಾರದ್ದೇ. ಅದಕ್ಕೆ ರಕ್ತ ಹಾಕಲಿಲ್ಲ, ನಮ್ಮದಕ್ಕೆ ಎರಡು ಸಲ ಹಾಕಿದ್ರು. ಯಾಕೆ?

ವಾರ ಒಂದೇ ಆದರೂ ದಾರಿ ಒಂದೇ ಆಗಿರುವುದಿಲ್ಲ. ಹುಟ್ಟು ತೂಕ ಎಷ್ಟು, ಹೊಟ್ಟೆಯಲ್ಲಿ ಬೆಳವಣಿಗೆ ಕುಂಠಿತವಾಗಿತ್ತಾ, ತಾಯಿಗೆ ಸಕ್ಕರೆ ಕಾಯಿಲೆ ಇತ್ತಾ, ಹೆರಿಗೆಗೆ ಮುಂಚೆ ರಕ್ತಸ್ರಾವ ಆಯಿತಾ (ಮಾಸು ಬೇಗ ಕಳಚಿಕೊಂಡರೆ ಅಥವಾ ಕೆಳಗೆ ಅಡ್ಡವಾಗಿದ್ದರೆ ಕೆಲವೊಮ್ಮೆ ಮಗುವಿನ ರಕ್ತವೂ ಹೋಗುತ್ತದೆ), ನಂಜು (ರಕ್ತದ ಸೋಂಕು) ಏರಿತಾ, ಉಸಿರಾಟದ ಯಂತ್ರದಲ್ಲಿ ಎಷ್ಟು ದಿನ ಇತ್ತು, ಆಪರೇಷನ್ ಆಯಿತಾ, ಇವೆಲ್ಲ ಸೇರಿ ತೀರ್ಮಾನವಾಗುತ್ತದೆ. ನಂಜು ಏರಿದ ಮಗುವಿನಲ್ಲಿ ಕಣಗಳು ಬೇಗ ಒಡೆಯುತ್ತವೆ, ಮಜ್ಜೆ ಮಂಕಾಗುತ್ತದೆ, ಪರೀಕ್ಷೆಗಳೂ ಹೆಚ್ಚುತ್ತವೆ. ಮೂರು ಕಡೆಯಿಂದ ಪೆಟ್ಟು.

ಅವಳಿ ಮಕ್ಕಳು. ಒಂದು ಕೆಂಪಗಿದೆ, ಇನ್ನೊಂದು ಬಿಳಿಚಿಕೊಂಡಿದೆ. ಬಣ್ಣದ ವ್ಯತ್ಯಾಸ ಅಲ್ವಾ?

ಎರಡಕ್ಕೂ ಒಂದೇ ಮಾಸು ಇದ್ದರೆ ಅದು ಬರೀ ಬಣ್ಣ ಅಲ್ಲದಿರಬಹುದು. ಮಾಸಿನೊಳಗಿನ ರಕ್ತನಾಳಗಳು ಕೂಡಿಕೊಂಡು ಒಂದರ ರಕ್ತ ಇನ್ನೊಂದಕ್ಕೆ ಹರಿದಿರುತ್ತದೆ. ಕೊಟ್ಟ ಮಗುವಿಗೆ ರಕ್ತಹೀನತೆ, ಪಡೆದ ಮಗುವಿಗೆ ರಕ್ತ ಮಂದವಾಗಿ ಬೇರೆ ತೊಂದರೆ. ಇಬ್ಬರ ರಕ್ತವನ್ನೂ ಹುಟ್ಟಿದ ದಿನವೇ ಪರೀಕ್ಷಿಸಬೇಕು. ಮಾಸು ಬೇರೆ ಬೇರೆ ಇದ್ದರೂ ಅವಳಿಗಳು ಬೇಗ ಹುಟ್ಟುತ್ತಾರೆ, ತೂಕ ಕಡಿಮೆ ಇರುತ್ತದೆ, ತಾಯಿಯ ಕಬ್ಬಿಣದಂಶ ಇಬ್ಬರಿಗೆ ಹಂಚಿಹೋಗುತ್ತದೆ.

ನನ್ನ ರಕ್ತದ ಗುಂಪು ನೆಗೆಟಿವ್, ಮಗುಂದು ಪಾಸಿಟಿವ್. ಕಾಮಾಲೆ ಬಂದು ಲೈಟಲ್ಲಿ ಇಟ್ಟಿದ್ರು. ಕಾಮಾಲೆ ಹೋಯ್ತಲ್ಲ, ಇನ್ನೇನು?

ಕಾಮಾಲೆ ಇಳಿದ ಮೇಲೂ ಕಣ ಒಡೆಯುವುದು ಕೆಲವು ವಾರ ನಡೆಯುತ್ತಿರಬಹುದು. ಮಗುವಿನ ಕಣವನ್ನು ಪರರದೆಂದು ಒಡೆಯುವ, ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಅಷ್ಟು ದಿನ ಉಳಿಯುತ್ತವೆ. ಹಾಗಾಗಿ ಈ ಮಕ್ಕಳಿಗೆ ಹಿಮೋಗ್ಲೋಬಿನ್ ಪರೀಕ್ಷೆ ಎರಡು-ಮೂರು ತಿಂಗಳ ತನಕ ಆಗಾಗ ಆಗಬೇಕು. ತಾಯಿ ‘ಓ’ ಗುಂಪು, ಮಗು ‘ಎ’ ಅಥವಾ ‘ಬಿ’ ಆಗಿದ್ದರೂ ಇಂಥದ್ದೇ ಆಗಬಹುದು, ಸಾಮಾನ್ಯವಾಗಿ ಸೌಮ್ಯ. ನೆಗೆಟಿವ್ ಗುಂಪಿನ ತಾಯಿ ಮುಂದಿನ ಬಸಿರಿಗೆ ತೊಂದರೆಯಾಗದಿರಲೆಂದು ಈ ಬಸಿರಿನ 28ನೇ ವಾರದಲ್ಲೊಮ್ಮೆ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಆಂಟಿ-ಡಿ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಹಾಕಿದ್ದು ತಾಯಿ ಕಾರ್ಡಿನಲ್ಲಿ ಬರೆದಿದೆಯಾ, ನೋಡಿಕೊಳ್ಳಿ.

ಹಳೇ ಬಟ್ಟೆಗೂ ರಕ್ತ ಕಡಿಮೆ ಆಗೋದಕ್ಕೂ ಏನು ಸಂಬಂಧ?

ಸಂಬಂಧ ಇದೆ. ಕೂಸಿಗೆ ಹೊಸ ಬಟ್ಟೆ ಹಾಕಬಾರದು ಅಂತ ಅಜ್ಜಿ ಟ್ರಂಕಿನಿಂದ ತನ್ನ ಮೆತ್ತನೆಯ ಹಳೆಯ ಸೀರೆ ತೆಗೆದು ಹರಿದು ಕೊಡುತ್ತಾರೆ. ಪ್ರೀತಿಯ ಬಟ್ಟೆ, ಮೆತ್ತಗೂ ಇರುತ್ತದೆ. ಆದರೆ ಆ ಟ್ರಂಕಿನಲ್ಲಿ ನುಸಿಗುಳಿಗೆ, ಅಂದರೆ ನ್ಯಾಫ್ತಲಿನ್ ಉಂಡೆ, ಇಟ್ಟಿರುತ್ತಾರೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಆ ವಾಸನೆಯ ಬಟ್ಟೆ ಸುತ್ತಿದರೆ ಸಾಕು, ಕೆಂಪುಕಣಗಳು ಪಟಪಟನೆ ಒಡೆದು ಕಾಮಾಲೆಯೂ ರಕ್ತಹೀನತೆಯೂ ಒಟ್ಟಿಗೆ ಬರಬಹುದು. ಗುಳಿಗೆ ಇಟ್ಟಿದ್ದ ಬಟ್ಟೆ ಮಗುವಿಗೆ ಬೇಡವೇ ಬೇಡ. ಗುಳಿಗೆ ಇಡದ ಹಳೆಯ ಸೀರೆ ಇದ್ದರೆ ಒಗೆದು, ಬಿಸಿಲಲ್ಲಿ ಒಣಗಿಸಿ ಧಾರಾಳವಾಗಿ ಬಳಸಿ.

## ಆಸ್ಪತ್ರೆಯಲ್ಲಿರುವಾಗ

ದಿನಾ ಸೂಜಿ ಚುಚ್ಚಿ ರಕ್ತ ತೆಗೀತೀರ, ಆಮೇಲೆ ನೀವೇ ರಕ್ತ ಕಡಿಮೆ ಅಂತೀರ!

ಸಿಟ್ಟಿನಲ್ಲಿ ಕೇಳುವ ಈ ಪ್ರಶ್ನೆ ಸರಿಯಾದ ಪ್ರಶ್ನೆ. ತೀರಾ ಚಿಕ್ಕ ಮಕ್ಕಳಲ್ಲಿ ಮೊದಲ ವಾರಗಳ ರಕ್ತಹೀನತೆಗೆ ಅತಿ ದೊಡ್ಡ ಕಾರಣವೇ ಪರೀಕ್ಷೆಗೆ ತೆಗೆಯುವ ರಕ್ತ.

ಒಂದು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 90 ಮಿ.ಲೀ. ಹೋಟೆಲಿನಲ್ಲಿ ಕೊಡುವ ಒಂದು ಚಿಕ್ಕ ಲೋಟ ಟೀಯಷ್ಟು. ಅದರಲ್ಲಿ ದಿನಕ್ಕೆ 1 ಮಿ.ಲೀ.ಯಂತೆ ಹತ್ತು ದಿನ ತೆಗೆದರೆ ಒಂಬತ್ತರಲ್ಲಿ ಒಂದು ಪಾಲು ಹೋಯಿತು. ದೊಡ್ಡವರು ರಕ್ತದಾನದಲ್ಲಿ ಒಮ್ಮೆಗೆ ಕೊಡುವ 350 ಮಿ.ಲೀ. ಕೂಡ ಅವರ ರಕ್ತದಲ್ಲಿ ಅಷ್ಟು ದೊಡ್ಡ ಪಾಲಲ್ಲ.

ಹಾಗಂತ ಪರೀಕ್ಷೆ ಬೇಡ ಅನ್ನುವಂತಿಲ್ಲ. ಸಕ್ಕರೆ ಇಳಿದದ್ದು, ನಂಜು ಏರಿದ್ದು ತಿಳಿಯದೆ ಹೋದರೆ ಮಗುವೇ ಉಳಿಯುವುದಿಲ್ಲ. ನಮ್ಮ ಕೈಲಿರುವುದು ಉಳಿತಾಯ: ದೊಡ್ಡವರ ಟ್ಯೂಬಿನ ಬದಲು ಹನಿ ಲೆಕ್ಕದ ಪುಟ್ಟ ಟ್ಯೂಬು, ಬೆಳಿಗ್ಗೆಯ ಎರಡು ಪರೀಕ್ಷೆಗೆ ಒಂದೇ ಚುಚ್ಚು, ಚರ್ಮದ ಮೇಲೆ ಹಿಡಿದು ನೋಡುವ ಕಾಮಾಲೆ ಮೀಟರು, ತೆಗೆದದ್ದು ಎಷ್ಟೆಂದು ಚಾರ್ಟಿನಲ್ಲಿ ಬರೆಯುವುದು. ಕಿರಿಯ ಸಿಬ್ಬಂದಿಗೆ ನಾನು ಮೊದಲು ಕಲಿಸುವುದು ಇದನ್ನೇ, ಟ್ಯೂಬಿನ ಗೆರೆ ದಾಟಿ ಒಂದು ಹನಿಯೂ ಬೇಡ. ನೀವು ‘ಇವತ್ತು ಯಾವ ಪರೀಕ್ಷೆ, ಯಾಕೆ’ ಅಂತ ಕೇಳಿದರೆ ತಪ್ಪಿಲ್ಲ, ಕೇಳಿ.

ಹೊಕ್ಕುಳಬಳ್ಳಿ ಸ್ವಲ್ಪ ತಡವಾಗಿ ಕತ್ತರಿಸಿದ್ರೆ ಒಳ್ಳೇದಂತೆ, ಹೌದಾ?

ಹೌದು. ಹುಟ್ಟಿದ ಕ್ಷಣದಲ್ಲಿ ಮಗುವಿಗೆ ಸೇರಬೇಕಾದ ರಕ್ತದ ಒಂದು ಪಾಲು ಇನ್ನೂ ಮಾಸಿನಲ್ಲಿರುತ್ತದೆ. ಒಂದು ನಿಮಿಷ ಕಾದರೆ ಅದು ಮಗುವಿನೊಳಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಒಂದು ನಿಮಿಷಕ್ಕೆ ಮುಂಚೆ ಕತ್ತರಿಸಬೇಡಿ ಎಂದೇ. ತಿಂಗಳು ತುಂಬದ ಮಕ್ಕಳಲ್ಲಿ ಹೀಗೆ ಕಾದದ್ದರಿಂದ ಮುಂದೆ ರಕ್ತ ಹಾಕುವ ಅಗತ್ಯ ಕಡಿಮೆಯಾಗುತ್ತದೆ. ಮಗು ಉಸಿರಾಡದೆ ತಕ್ಷಣ ನೆರವು ಬೇಕಾದಾಗ, ಮಾಸು ಕಳಚಿ ರಕ್ತ ಹೋಗುತ್ತಿರುವಾಗ ಕಾಯಲಾಗುವುದಿಲ್ಲ.

ರಕ್ತ ಹಾಕಲೇಬೇಕು ಅಂದ್ರು. ಅಪ್ಪಂದೋ ಸೋದರಮಾವಂದೋ ಕೊಟ್ರೆ ನಮ್ಮ ರಕ್ತಾನೇ ಅಲ್ವಾ, ಒಳ್ಳೇದಲ್ವಾ?

ಕೇಳಲು ಸರಿ ಅನ್ನಿಸುತ್ತದೆ, ಆದರೆ ಉಲ್ಟಾ. ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳನ್ನು ಮಗುವಿನ ಮೈ ‘ಪರರದು’ ಎಂದು ಗುರುತಿಸದೆ ಬಿಟ್ಟುಕೊಳ್ಳಬಹುದು. ಒಳಗೆ ನೆಲೆಯೂರಿದ ಆ ಕಣಗಳು ಮಗುವಿನ ಮೇಲೇ ತಿರುಗಿಬೀಳುವ ಕಾಯಿಲೆ ಅಪರೂಪ, ಬಂದರೆ ಪ್ರಾಣಾಂತಿಕ. ಆದ್ದರಿಂದ ಮಾವ ರಕ್ತನಿಧಿಗೆ ರಕ್ತ ಕೊಡಲಿ, ಅದು ಬೇರೆಯವರಿಗೆ ಹೋಗಲಿ. ಮಗುವಿಗೆ ನಿಧಿಯಲ್ಲಿರುವ, ಪರೀಕ್ಷೆಯಾದ ಬೇರೆಯವರ ರಕ್ತ ಬರಲಿ. ಸಂಬಂಧಿಕರದ್ದೇ ಕೊಡಬೇಕಾಗಿ ಬಂದರೆ, ಆ ಬಿಳಿಕಣಗಳು ಬೆಳೆಯದಂತೆ ರಕ್ತಕ್ಕೆ ವಿಕಿರಣ ಹಾಯಿಸಿದ ಮೇಲೆಯೇ ಕೊಡಬೇಕು.

ಕೊಡುವುದು ಕೆ.ಜಿ.ಗೆ ಸುಮಾರು 15 ಮಿ.ಲೀ., ಮೂರ್ನಾಲ್ಕು ಗಂಟೆ ನಿಧಾನವಾಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ರಕ್ತ, ಔಷಧ, ವಾಹನ ಎಲ್ಲವೂ ಉಚಿತ. ಯಾರಾದರೂ ದುಡ್ಡು ಕೇಳಿದರೆ ಈ ಹೆಸರು ಹೇಳಿ.

## ಮನೆಗೆ ಬಂದ ಮೇಲೆ

ಮಗು ಚೆನ್ನಾಗಿದೆ, ದುಂಡಗಾಗಿದೆ. ಇನ್ನೂ ಐರನ್ ಡ್ರಾಪ್ಸ್ ಹಾಕ್ಬೇಕಾ? ಎದೆಹಾಲು ಸಾಕಲ್ವಾ?

ಎಲ್ಲ ಬಿಟ್ಟು ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ಎದೆಹಾಲಿಗಿಂತ ಒಳ್ಳೆಯದಿಲ್ಲ. ಅದರಲ್ಲಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಆದರೆ ಇರುವುದೇ ಅಲ್ಪ. ದಿನ ತುಂಬಿದ ಮಗುವಿಗೆ ಹುಟ್ಟುವಾಗ ತಂದ ದಾಸ್ತಾನು ಆರು ತಿಂಗಳು ನಡೆಸಿಕೊಡುತ್ತದೆ. ನಿಮ್ಮ ಮಗುವಿನದ್ದು ಅಷ್ಟು ದಿನ ಬಾರದು, ಎರಡು-ಮೂರು ತಿಂಗಳಿಗೇ ಬರಿದಾಗಬಹುದು. ಅದಕ್ಕೇ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ವಾರದಲ್ಲಿ ಶುರುಮಾಡಿ, ಕೆ.ಜಿ.ಗೆ ದಿನಕ್ಕೆ 2ರಿಂದ 4 ಮಿ.ಗ್ರಾಂ. ಲೆಕ್ಕದಲ್ಲಿ ಕಬ್ಬಿಣ ಕೊಡುತ್ತಾರೆ. ಬಹುತೇಕ ಮಕ್ಕಳಿಗೆ ಒಂದು ವರ್ಷ ತುಂಬುವವರೆಗೂ ಬೇಕಾಗುತ್ತದೆ.

‘ಕೆ.ಜಿ.ಗೆ’ ಅನ್ನುವ ಪದದ ಮೇಲೆ ಬೆರಳಿಡಿ. ನಮ್ಮಲ್ಲಿಂದ 1.6 ಕೆ.ಜಿ.ಗೆ ಮನೆಗೆ ಹೋದ ಒಂದು ಮಗು ಐದನೇ ತಿಂಗಳಲ್ಲಿ ವಾಪಸ್ ಬಂತು. ಅಂಗೈ ಸುಣ್ಣ ಬಳಿದ ಹಾಗಿತ್ತು. ತಾಯಿ ಒಂದು ದಿನವೂ ಡ್ರಾಪ್ಸ್ ತಪ್ಪಿಸಿರಲಿಲ್ಲ. ಬಿಡುಗಡೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದೆ ಇಟ್ಟುಕೊಂಡಿದ್ದರು. ಚೀಟಿಯಲ್ಲಿ ಬರೆದಷ್ಟೇ ಹನಿ, ದಿನಾ. ಮಗು ನಾಲ್ಕು ಕೆ.ಜಿ. ದಾಟಿತ್ತು, ಹನಿ ಮಾತ್ರ 1.6 ಕೆ.ಜಿ.ಯ ಲೆಕ್ಕದ್ದೇ. ಮಗುವಿಗೆ ಬೇಕಾದದ್ದರಲ್ಲಿ ಅರ್ಧವೂ ಸಿಗುತ್ತಿರಲಿಲ್ಲ. ತಪ್ಪು ಆ ತಾಯಿಯದಲ್ಲ, ತೂಕ ಏರಿದ ಹಾಗೆ ಅಳತೆ ಏರಿಸಬೇಕು ಅಂತ ಬಾಯಿಬಿಟ್ಟು ಹೇಳದ ನಮ್ಮದು. ಅಂದಿನಿಂದ ಪ್ರತಿ ಚೀಟಿಯ ಮೇಲೂ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: ‘ತೂಕ ನೋಡಿಸಿ, ಡೋಸ್ ಕೇಳಿ.’

ಇನ್ನೊಂದು ಎಚ್ಚರ. ಬಾಟಲಿ ಬದಲಾದರೆ ಅಳತೆಯೂ ಬದಲಾಗಬಹುದು. ಒಂದು ಕಂಪನಿಯ 1 ಮಿ.ಲೀ.ನಲ್ಲಿರುವ ಕಬ್ಬಿಣ ಇನ್ನೊಂದರದ್ದಕ್ಕೆ ಸಮ ಇರುವುದಿಲ್ಲ, ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಮೆಡಿಕಲ್ ಸ್ಟೋರಿನವರು ‘ಅದಿಲ್ಲ, ಇದು ತಗೊಳ್ಳಿ’ ಅಂದಾಗ ಡಾಕ್ಟರಿಗೆ ಫೋನ್ ಮಾಡಿ ಅಳತೆ ಕೇಳಿ. ಬಾಟಲಿ ದೊಡ್ಡ ಮಕ್ಕಳ ಕೈಗೂ ಸಿಗಬಾರದು, ಹೆಚ್ಚಾದರೆ ಕಬ್ಬಿಣ ವಿಷ.

ಕಕ್ಕ ಕಪ್ಪಗಾಯ್ತು, ನಿಲ್ಲಿಸಿಬಿಟ್ಟೆ.

ಮತ್ತೆ ಶುರುಮಾಡಿ. ಕಬ್ಬಿಣ ಕೊಟ್ಟಾಗ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ ಬಂದರೆ, ಕೆಂಪು ಕಂಡರೆ ಮಾತ್ರ ತೋರಿಸಿ.

ರೇಷ್ಮೆ ಹುಳ ಹಣ್ಣಾಗೋ ವಾರ ಮೇಡಮ್, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡ್ಬೇಕು. ಹದಿನೈದು ದಿನ ಬಿಟ್ಟು ತೋರಿಸಿದ್ರೆ ಆಗಲ್ವಾ?

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳ ಈ ಕಷ್ಟ ನನಗೆ ಗೊತ್ತು. ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಆದರೆ ಮಗುವಿನ ರಕ್ತ ತಳ ಮುಟ್ಟುವುದು ನಾಲ್ಕರಿಂದ ಎಂಟನೇ ವಾರದಲ್ಲಿ, ಅಂದರೆ ಸಾಮಾನ್ಯವಾಗಿ ಮನೆಗೆ ಹೋದ ಮೇಲೆ. ಆ ಭೇಟಿ ತಪ್ಪಿದರೆ ಮುಖ್ಯವಾದದ್ದೇ ತಪ್ಪಿದ ಹಾಗೆ. ನಮ್ಮಲ್ಲಿಗೇ ಬರಬೇಕೆಂದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ ಮತ್ತು ಹಿಮೋಗ್ಲೋಬಿನ್ ನೋಡಿಸಿ, ಫೋನಿನಲ್ಲಿ ತಿಳಿಸಿ. ಆಶಾ ಅಕ್ಕ 42ನೇ ದಿನದವರೆಗೆ ಮನೆಗೆ ಬರುತ್ತಾರೆ, ಬಂದಾಗ ತೂಕ ಹಾಕಿಸಿಕೊಳ್ಳಿ.

ಮನೇಲೇ ಹಸು ಇದೆ. ಮೇಕೆ ಹಾಲಂತೂ ಇನ್ನೂ ಹಗುರ ಅಂತಾರೆ. ಸ್ವಲ್ಪ ಕೊಡ್ಬಹುದಾ?

ಹಾಲಿನ ಸೀಮೆ ನಮ್ಮದು, ಡೇರಿಗೆ ಹಾಲು ಹಾಕದ ಊರಿಲ್ಲ. ಆದರೂ ಒಂದು ವರ್ಷ ತುಂಬುವವರೆಗೆ ಕುಡಿಯುವ ಹಾಲಾಗಿ ಹಸುವಿನದು ಬೇಡ. ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಇರುವುದೂ ಮೈಗೆ ಹತ್ತುವುದಿಲ್ಲ, ಎಳೆಯ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಜಿನುಗುವಂತೆ ಮಾಡಬಹುದು. ಮೇಕೆ ಹಾಲಿನಲ್ಲಿ ಫೋಲಿಕ್ ಆಮ್ಲ ತೀರಾ ಕಡಿಮೆ, ಅದನ್ನೇ ನಂಬಿದ ಮಗುವಿಗೆ ಬೇರೆ ಬಗೆಯ ರಕ್ತಹೀನತೆ ಬರುತ್ತದೆ.

ರಾಗಿ ಸರಿ ಯಾವಾಗಿಂದ? ರಾಗಿಲಿ ಐರನ್ ಇದೆಯಲ್ಲ?

ಇದೆ, ಆದರೆ ರಾಗಿಯ ಹೆಚ್ಚುಗಾರಿಕೆ ಸುಣ್ಣದಂಶ. ಅದರಲ್ಲಿನ ಕಬ್ಬಿಣವನ್ನು ಫೈಟೇಟ್ ಎಂಬ ಅಂಶ ಕಟ್ಟಿಹಾಕುತ್ತದೆ. ನಮ್ಮ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ವಸ್ತ್ರಗಾಳಿಸುತ್ತಿದ್ದರಲ್ಲ, ಆ ಮೊಳಕೆಯೇ ಫೈಟೇಟನ್ನು ತಗ್ಗಿಸುತ್ತದೆ. ಪ್ಯಾಕೆಟ್ ಹಿಟ್ಟಿಗಿಂತ ಅದನ್ನೇ ಮಾಡಿ. ಶುರು ಯಾವಾಗ ಎನ್ನುವುದು ಮಗುವಿನ ಕತ್ತು ನಿಲ್ಲುವುದನ್ನೂ, ಡಾಕ್ಟರ್ ಮೊದಲು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ (ಹುಟ್ಟಿದ ದಿನದಿಂದಲ್ಲ) ಎಣಿಸಿದ ವಯಸ್ಸನ್ನೂ ನೋಡಿ ಡಾಕ್ಟರ್ ಹೇಳುತ್ತಾರೆ. ಆಮೇಲೆ ಮಸೆದ ಬೇಳೆ, ಸೊಪ್ಪು, ಮೊಟ್ಟೆ, ತಿನ್ನುವ ಮನೆಯಾದರೆ ನುಣ್ಣಗೆ ಮಾಡಿದ ಮಾಂಸ ಅಥವಾ ಈಲಿ (ಲಿವರ್), ಮೇಲೆ ನಾಲ್ಕು ಹನಿ ನಿಂಬೆರಸ. ಸರಿ ಶುರುವಾಯಿತು ಅಂತ ಡ್ರಾಪ್ಸ್ ಬಿಡಬೇಡಿ.

ಆರು ತಿಂಗಳೊಳಗಿನ ಮಗುವಿಗೆ ರಕ್ತ ಹೆಚ್ಚಲೆಂದು ಬೀಟ್‌ರೂಟ್ ರಸ ಕುಡಿಸುವವರಿದ್ದಾರೆ. ಬಣ್ಣ ಕೆಂಪು ಅಷ್ಟೆ. ಅದರಲ್ಲಿನ ನೈಟ್ರೇಟ್ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸಬಹುದು.

ಮನೇಲಿ ನಮಗೆ ಹೆಂಗೆ ಗೊತ್ತಾಗುತ್ತೆ?

ಕೆನ್ನೆ ನೋಡಬೇಡಿ, ಅಂಗೈ, ಅಂಗಾಲು, ನಾಲಿಗೆ ನೋಡಿ, ಹಗಲು ಬೆಳಕಿನಲ್ಲಿ. ಹತ್ತು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುವುದು, ಕುಡಿಯುವಾಗ ಹಣೆ ಬೆವರುವುದು, ವಾರವಾದರೂ ತೂಕ ಏರದಿರುವುದು, ಎದೆ ಡವಡವ ಓಡುವುದು ಕಂಡರೆ ಮರುದಿನವೇ ತೋರಿಸಿ. ಉಸಿರು ನಿಂತು ನಿಂತು ಬಂದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

## ಓದಿಕೊಂಡು ಬಂದವರ ಪ್ರಶ್ನೆಗಳು

ಎರಿತ್ರೊಪೊಯಟಿನ್ ಇಂಜೆಕ್ಷನ್ ಕೊಟ್ರೆ ರಕ್ತ ಹಾಕೋದೇ ಬೇಡ್ವಂತೆ. ನಮ್ಮಲ್ಲಿ ಯಾಕೆ ಕೊಡಲ್ಲ?

‘ಕಣ ಮಾಡು’ ಎಂದು ಮಜ್ಜೆಗೆ ಹೇಳುವ ಹಾರ್ಮೋನು ಅದು. ದೊಡ್ಡವರಲ್ಲಿ ಮೂತ್ರಪಿಂಡ ತಯಾರಿಸುತ್ತದೆ. ಹೊಟ್ಟೆಯೊಳಗಿನ ಮಗುವಿನಲ್ಲಿ ಯಕೃತ್ತು ತಯಾರಿಸುತ್ತದೆ, ಅದು ಆಮ್ಲಜನಕ ಕಡಿಮೆಯಾದರೂ ಬೇಗ ಎಚ್ಚರಗೊಳ್ಳುವುದಿಲ್ಲ. ಬೇಗ ಹುಟ್ಟಿದ ಮಗು ಇನ್ನೂ ಯಕೃತ್ತಿನ ಮೇಲೇ ನಿಂತಿರುತ್ತದೆ, ಹಾಗಾಗಿ ರಕ್ತ ಇಳಿದರೂ ಕೂಗು ಕೇಳಿಸುವುದು ತಡ. ಚುಚ್ಚುಮದ್ದು ಕೊಟ್ಟರೆ ರಕ್ತ ಹಾಕುವ ಸಲ ಒಂದಿಷ್ಟು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಎಲ್ಲ ಮಕ್ಕಳಿಗೂ ಕೊಡುವ ವಾಡಿಕೆ ಇಲ್ಲ.

ಒಂದು ಕಡೆ 10ಕ್ಕೇ ರಕ್ತ ಹಾಕಿದ್ರು, ಇನ್ನೊಂದು ಕಡೆ 7.5 ಇದ್ರೂ ಕಾಯೋಣ ಅಂತಾರೆ. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಉಸಿರಾಟಕ್ಕೆ ನೆರವು ಬೇಕಾದ ಮೊದಲ ವಾರದ ಮಗುವಿಗೆ 11ರ ಹತ್ತಿರವೇ ಕೊಡಬೇಕಾಗಬಹುದು, ತಾನೇ ಉಸಿರಾಡುತ್ತ ತೂಕ ಏರುತ್ತಿರುವ ಆರು ವಾರದ ಮಗುವಿಗೆ 7ರವರೆಗೂ ಕಾಯಬಹುದು. ತೀರಾ ಕಡಿಮೆ ತೂಕದ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಕೈಬಿಗಿ ಹಿಡಿದು ರಕ್ತ ಕೊಟ್ಟ ಮಕ್ಕಳೂ ಧಾರಾಳವಾಗಿ ಕೊಟ್ಟ ಮಕ್ಕಳೂ ಎರಡು ವರ್ಷದ ಹೊತ್ತಿಗೆ ಬದುಕುಳಿಯುವುದರಲ್ಲಿ, ಬುದ್ಧಿ-ಚಲನೆಯ ಬೆಳವಣಿಗೆಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರು. ಬರೀ ಅಂಕಿ ನೋಡಿ ಹಾಕುವುದಲ್ಲ, ಮಗುವನ್ನು ನೋಡಿ ಹಾಕುವುದು.

ರಿಪೋರ್ಟಲ್ಲಿ ರೆಟಿಕ್ಯುಲೊಸೈಟ್, ಫೆರಿಟಿನ್ ಅಂತ ಇದೆ. ಯಾವುದು ನೋಡ್ಬೇಕು?

ರೆಟಿಕ್ಯುಲೊಸೈಟ್ ಅಂದರೆ ಈಗಷ್ಟೇ ಹುಟ್ಟಿದ ಎಳೆ ಕೆಂಪುಕಣ. ಹಿಮೋಗ್ಲೋಬಿನ್ 8 ಇದ್ದು ಇದು ಏರುತ್ತಿದ್ದರೆ ಮಜ್ಜೆ ಎಚ್ಚರಗೊಂಡಿದೆ, ಇಳಿತ ಮುಗಿಯುತ್ತಿದೆ ಎಂದರ್ಥ. ಕಾಮಾಲೆಯೂ ಜೊತೆಗಿದ್ದು ಇದು ಏರಿದ್ದರೆ ಮಾತ್ರ ಕಣ ಒಡೆಯುತ್ತಿದೆಯೇ ಎಂದು ಹುಡುಕಬೇಕು. ಫೆರಿಟಿನ್ ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ. ಕಡಿಮೆ ಇದ್ದರೆ ನಂಬಬಹುದು. ಆದರೆ ಮಗುವಿಗೆ ಜ್ವರ, ನಂಜು ಇದ್ದಾಗ ಅಥವಾ ಇತ್ತೀಚೆಗೆ ರಕ್ತ ಹಾಕಿದ್ದಾಗ ಏರಿ ಕಾಣುತ್ತದೆ, ಅದನ್ನು ನೋಡಿ ನೀವಾಗೇ ಡ್ರಾಪ್ಸ್ ನಿಲ್ಲಿಸಬೇಡಿ. ಕಬ್ಬಿಣ ಸರಿಯಾಗಿ ಕೊಟ್ಟರೂ ರಕ್ತ ಏರದಿದ್ದರೆ, ಬೆರಳ ಗೆಣ್ಣು ಕಪ್ಪಾಗಿ ಮಗು ಮಂಕಾಗಿದ್ದರೆ, ತಾಯಿ ಪೂರ್ತಿ ಸಸ್ಯಾಹಾರಿಯಾಗಿದ್ದರೆ ವಿಟಮಿನ್ ಬಿ12 ನೋಡಿಸಿ, ತಾಯಿಯದ್ದೂ ಮಗುವಿನದ್ದೂ.

ರಿಪೋರ್ಟು ತರುವಾಗ ಹಳೆಯವನ್ನೂ ತನ್ನಿ, ದಿನಾಂಕದ ಪ್ರಕಾರ ಒಂದರ ಹಿಂದೊಂದು ಜೋಡಿಸಿ. ಡ್ರಾಪ್ಸಿನ ಖಾಲಿ ಬಾಟಲಿಯನ್ನೂ ತನ್ನಿ, ಅದರ ಮೇಲಿನ ಸಣ್ಣ ಅಕ್ಷರ ನಾವು ಓದುತ್ತೇವೆ.